ಚಿನ್ನದ ಬಿಲ್ಲೆಯೂ ಕಪ್ಪೆಯ ಪುಸ್ತಕವೂ

ಕಳೆದ ತಿಂಗಳು ಪುಸ್ತಕದಂಗಡಿಯೊಂದರ ಮಕ್ಕಳ ಕಪಾಟಿನ ಮುಂದೆ ತಂದೆಯೊಬ್ಬರು ಮೊಬೈಲ್ ಹಿಡಿದು ನಿಂತಿದ್ದರು. ಮಕ್ಕಳು ಓದಲೇಬೇಕಾದ ನೂರು ಪುಸ್ತಕಗಳ ಪಟ್ಟಿ ಅದರಲ್ಲಿತ್ತು. ಅವರು ಒಂದೊಂದೇ ಹೆಸರು ಓದುವುದು, ಅಂಗಡಿಯ ಹುಡುಗ 'ಇದೆ ಸಾರ್', 'ಇಲ್ಲ ಸಾರ್' ಎನ್ನುವುದು ನಡೆದಿತ್ತು. ಅಷ್ಟರಲ್ಲಿ ಅವರ ಏಳೆಂಟು ವರ್ಷದ ಮಗಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಖಪುಟದಲ್ಲಿ ಕಪ್ಪೆಯಿದ್ದ ತೆಳ್ಳನೆಯ ಪುಸ್ತಕವೊಂದನ್ನು ಮುಕ್ಕಾಲು ಪಾಲು ಮುಗಿಸಿದ್ದಳು. ಬಿಲ್ ಮಾಡಿಸುವಾಗ ಕಪ್ಪೆ ಕಪಾಟಿಗೆ ವಾಪಸಾಯಿತು. 'ಅದು ಲಿಸ್ಟಲ್ಲಿ ಇಲ್ಲ ಪುಟ್ಟಾ' ಎಂದರು ತಂದೆ.

ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ನಾನೂ ವರ್ಷಗಟ್ಟಲೆ ಪತ್ರಿಕೆಗಳಿಂದ ಪುಸ್ತಕ ಪಟ್ಟಿಗಳನ್ನು ಕತ್ತರಿಸಿ ಡೈರಿಗೆ ಅಂಟಿಸಿಕೊಂಡವನೇ. ಹಾಗೆ ಅಂಟಿಸಿಕೊಳ್ಳದಿದ್ದರೆ ಧನಗೋಪಾಲ ಮುಖರ್ಜಿ ಎಂಬ ಹೆಸರೇ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಕಲ್ಕತ್ತದಲ್ಲಿ ಬೆಳೆದ ಪಾರಿವಾಳವೊಂದು ಮೊದಲ ಮಹಾಯುದ್ಧದಲ್ಲಿ ಸುದ್ದಿ ಹೊತ್ತು ಹಾರುವ ಅವರ 'ಗೇ ನೆಕ್' ಕಥೆಗೆ 1928ರಲ್ಲಿ ಅಮೆರಿಕದ ನ್ಯೂಬೆರಿ ಪದಕ ಬಂತು. ಅಂಗಡಿಯ ಕಪಾಟಿನಲ್ಲಿ ಅದು ತಾನಾಗಿ ನನ್ನ ಕಣ್ಣಿಗೆ ಬೀಳುವ ಸಂಭವವೇ ಇರಲಿಲ್ಲ. ಹಾಗಾಗಿ ಪಟ್ಟಿಯ ಮೇಲೆ ನನಗೆ ಮುನಿಸಿಲ್ಲ. ಪಟ್ಟಿಯನ್ನು ದಿನಸಿ ಚೀಟಿಯಂತೆ ಓದುವುದರ ಮೇಲೆ ಮಾತ್ರ ತಕರಾರಿದೆ. ಪ್ರಶಸ್ತಿ ಬಂದ ಪುಸ್ತಕವನ್ನು ಕೊಳ್ಳುವ ಮೊದಲು ಆ ಪ್ರಶಸ್ತಿಯ ನಿಯಮ ಓದಿ ಎಂಬುದು ನನ್ನ ವಾದ.

ನ್ಯೂಬೆರಿಯನ್ನೇ ನೋಡಿ. ಹದಿನೆಂಟನೇ ಶತಮಾನದ ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ನ್ಯೂಬೆರಿಯ ಹೆಸರಿನಲ್ಲಿ ಅಮೆರಿಕದ ಗ್ರಂಥಾಲಯ ಸಂಘ 1922ರಿಂದ ಕೊಡುತ್ತಿರುವ ಪದಕ ಅದು. ಲೇಖಕ ಅಮೆರಿಕದ ಪ್ರಜೆ ಅಥವಾ ನಿವಾಸಿ ಆಗಿರಬೇಕು. ಪುಸ್ತಕ ಹಿಂದಿನ ವರ್ಷ ಅಲ್ಲಿಯೇ ಪ್ರಕಟವಾಗಿರಬೇಕು. ನೋಡುವುದು ಮುಖ್ಯವಾಗಿ ಬರವಣಿಗೆಯನ್ನು. ಚಿತ್ರಕ್ಕೆ ಕ್ಯಾಲ್ಡೆಕಾಟ್ ಎಂಬ ಬೇರೆಯೇ ಪದಕ 1938ರಿಂದ ಇದೆ. ಪುಸ್ತಕ ಜನಪ್ರಿಯವೇ ಎಂಬುದು, ನೀತಿ ಬೋಧಿಸುತ್ತದೆಯೇ ಎಂಬುದು ಲೆಕ್ಕಕ್ಕಿಲ್ಲ ಎಂದು ನಿಯಮವೇ ಹೇಳುತ್ತದೆ. ಅಂದರೆ 'ಈ ಪುಸ್ತಕ ನಿಮ್ಮ ಮಗುವಿಗೆ ಇಷ್ಟವಾಗುತ್ತದೆ' ಎಂದು ಆ ಪದಕ ಯಾವತ್ತೂ ಹೇಳಿಲ್ಲ. ಹಾಗೆ ಅಂದುಕೊಂಡವರು ನಾವು.

1953ರ ಫಲಿತಾಂಶ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಆ ವರ್ಷ ಪದಕ ಪಡೆದದ್ದು ಆನ್ ನೋಲನ್ ಕ್ಲಾರ್ಕ್ ಬರೆದ 'ಸೀಕ್ರೆಟ್ ಆಫ್ ದಿ ಆಂಡೀಸ್', ಪೆರುವಿನ ಬೆಟ್ಟಗಳಲ್ಲಿ ಲಾಮಾ ಮೇಯಿಸುವ ಇಂಕಾ ಹುಡುಗನ ಕಥೆ. ಪದಕ ತಪ್ಪಿ ಗೌರವದ ಸಾಲಿನಲ್ಲಿ ನಿಂತ ಐದು ಪುಸ್ತಕಗಳಲ್ಲಿ ಒಂದು ಇ.ಬಿ. ವೈಟ್ ಅವರ 'ಷಾರ್ಲಟ್ಸ್ ವೆಬ್'. ಹಂದಿಮರಿಯ ಜೀವ ಉಳಿಸಲು ಬಲೆಯಲ್ಲಿ ಅಕ್ಷರ ನೇಯುವ ಜೇಡದ ಕಥೆ ಗೊತ್ತಿಲ್ಲದ ಇಂಗ್ಲಿಷ್ ಮಾಧ್ಯಮದ ಮಕ್ಕಳು ನಮ್ಮ ಬೆಂಗಳೂರಿನಲ್ಲೂ ಕಡಿಮೆ. ಲಾಮಾ ಮೇಯಿಸಿದ ಹುಡುಗನನ್ನು ಹುಡುಕಿಕೊಂಡೇ ಹೋಗಬೇಕು. ತೀರ್ಪುಗಾರರು ಪೆದ್ದರು ಎಂದು ನಾನು ಹೇಳುತ್ತಿಲ್ಲ. ಅವರ ಮುಂದೆ ಒಂದು ವರ್ಷದ ಪುಸ್ತಕಗಳಿದ್ದವು. ನಮ್ಮ ಮುಂದೆ ಮಕ್ಕಳ ಎಪ್ಪತ್ತು ವರ್ಷದ ಓದು ಇದೆ.

ಹಾಗಾಗಿ ಪದಕ ಗೆದ್ದ ಪುಸ್ತಕದ ಮೇಲಿನ ಚಿನ್ನದ ಬಿಲ್ಲೆಗಿಂತ ಗೌರವ ಪಡೆದದ್ದರ ಮೇಲಿನ ಬೆಳ್ಳಿಯ ಬಿಲ್ಲೆಯನ್ನು ಹೆಚ್ಚು ನಂಬುವುದು ನನಗೆ ರೂಢಿಯಾಗಿದೆ. ಗೆದ್ದ ಪುಸ್ತಕ ಎಷ್ಟೋ ಸಲ ಎಲ್ಲರೂ ಸೇರಿ ಒಪ್ಪಿದ ರಾಜಿ. ಸೋತದ್ದರಲ್ಲಿ ಒಂದು ಯಾರೋ ಒಬ್ಬರು ಹಟ ಹಿಡಿದು ಕೊನೆಯವರೆಗೂ ಕಾದಾಡಿದ ಪುಸ್ತಕ ಇರುತ್ತದೆ. ಲಾರಾ ಇಂಗಲ್ಸ್ ವೈಲ್ಡರ್ ಐದು ಸಲ ಈ ಗೌರವದ ಸಾಲಿನಲ್ಲಿ ನಿಂತವರು, ಪದಕ ಒಮ್ಮೆಯೂ ಬರಲಿಲ್ಲ. ಆದರೆ ಎಸ್. ಅನಂತನಾರಾಯಣ ಅವರು ಕನ್ನಡಕ್ಕೆ ತಂದ ವೈಲ್ಡರ್ ಸರಣಿಯನ್ನು ಓದಿ, ಎಂದೂ ಕಾಣದ ಹಿಮದಲ್ಲಿ ನಡುಗಿದವರು ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಇದೇ ವೈಲ್ಡರ್ ಹೆಸರಿನಲ್ಲಿ 1954ರಲ್ಲಿ ಶುರುವಾದ ಇನ್ನೊಂದು ಪ್ರಶಸ್ತಿಯಿಂದ, ಅವರ ಪುಸ್ತಕಗಳು ಮೂಲನಿವಾಸಿಗಳನ್ನು ಚಿತ್ರಿಸಿದ ರೀತಿಯ ಕಾರಣಕ್ಕೆ, 2018ರಲ್ಲಿ ಆ ಹೆಸರನ್ನೇ ತೆಗೆದರು. ಬಿಲ್ಲೆಯ ಹೊಳಪಿಗೂ ಕಾಲದ ತುಕ್ಕು ಹಿಡಿಯುತ್ತದೆ.

ಇನ್ನು ನಮ್ಮ ಮನೆಯ ವಿಷಯ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಶುರುವಾದದ್ದು 2010ರಲ್ಲಿ. ಕನ್ನಡದ ಮೊದಲ ಪುರಸ್ಕಾರ ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ. ಮುಂದೆ ಗಾಂಧಿ 150ರ ಹೊತ್ತಿಗೆ ಅದು ರಂಗಕ್ಕೇರಿ ರಾಜ್ಯದ ಊರೂರು ಸುತ್ತಿತು. ಈಚಿನ ಸಾಲಿನಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' (2021), ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' (2022), ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್' (2023), ಕೃಷ್ಣಮೂರ್ತಿ ಬಿಳಿಗೆರೆ ಅವರ 'ಛೂಮಂತ್ರಯ್ಯನ ಕಥೆಗಳು' (2024) ಇವೆ. ಹೆಸರುಗಳನ್ನೇ ಒಮ್ಮೆ ಜೋರಾಗಿ ಹೇಳಿ ನೋಡಿ. ಓಡಿ ಹೋದ ಹುಡುಗ ಎಲ್ಲಿಗೆ ಹೋದ ಎಂದು ಕೇಳದ ಮಗು ಇದೆಯೇ? ಗ್ರಂಥಾಲಯಕ್ಕೆ ಕಣ್ಣು ಮುಚ್ಚಿ ತರಿಸಬಹುದಾದ ಸಾಲು ಇದು.

ಆದರೆ ಇಲ್ಲೂ ನಿಯಮ ಓದಿ. ಈ ಪುರಸ್ಕಾರ 9ರಿಂದ 16 ವರ್ಷದವರಿಗಾಗಿ ಬರೆದ ಪುಸ್ತಕಗಳದ್ದು. ಆರು ವರ್ಷದ ಮಗುವಿಗೆ ಪುರಸ್ಕೃತ ಕಾದಂಬರಿ ತಂದುಕೊಟ್ಟು 'ನಮ್ಮವನಿಗೆ ಓದೇ ಹತ್ತಲ್ಲ' ಎಂದು ಅಪ್ಪ ಅಮ್ಮಂದಿರು ಹಲುಬಿದರೆ, ತಪ್ಪು ಅಳತೆಯ ಚಪ್ಪಲಿ ತೊಡಿಸಿ ಕಾಲನ್ನು ಬೈದ ಹಾಗಾಯಿತು. ಹಲವು ವರ್ಷ ಈ ಪುರಸ್ಕಾರ ಒಂದು ಪುಸ್ತಕಕ್ಕಲ್ಲ, ಲೇಖಕರ ಸಮಗ್ರ ಕೊಡುಗೆಗೆ ಸಂದಿತು, 2013ರಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ ಅವರಿಗೆ ಬಂದದ್ದು ಹಾಗೆ. ಅದು ಸಾಹಿತಿಗೆ ಸಲ್ಲಬೇಕಾದ ಮರ್ಯಾದೆ, ಸರಿಯೇ. ಆದರೆ ಅಂಗಡಿಗೆ ಹೋದವರಿಗೆ ಯಾವ ಪುಸ್ತಕ ಕೇಳಬೇಕೆಂದು ಅದರಿಂದ ತಿಳಿಯುವುದಿಲ್ಲ.

ಅನುವಾದಗಳೂ ಈ ಪುರಸ್ಕಾರದ ಲೆಕ್ಕಕ್ಕೆ ಬರುವುದಿಲ್ಲ. ವಿ. ಗಾಯತ್ರಿ ಕನ್ನಡಕ್ಕೆ ತಂದ 'ತೊತ್ತೋಚಾನ್' ಎಷ್ಟೋ ಮೇಷ್ಟರುಗಳ ಮನಸ್ಸನ್ನೇ ತಿರುಗಿಸಿದ ಪುಸ್ತಕ. ಮೂಲ ಕೃತಿಗಳ ಯಾವ ಪಟ್ಟಿಯಲ್ಲೂ ಅದು ಸಿಗದು. ಚಿತ್ರಕಾರರ ಕಥೆಯಂತೂ ಕೇಳಲೇಬೇಡಿ. ಚಿಕ್ಕ ಮಕ್ಕಳ ಪುಸ್ತಕದಲ್ಲಿ ಅರ್ಧ ಕಥೆ ಹೇಳುವವರು ಅವರೇ ಆದರೂ ಹೆಚ್ಚಿನ ಪ್ರಶಸ್ತಿಗಳಲ್ಲಿ ಅವರಿಗೆ ಕುರ್ಚಿಯಿಲ್ಲ. ಟಾಟಾ ಟ್ರಸ್ಟ್ಸ್‌ನ ಪರಾಗ್ ಯೋಜನೆಯ 'ಬಿಗ್ ಲಿಟಲ್ ಬುಕ್ ಅವಾರ್ಡ್' ಲೇಖಕರಿಗೊಂದು, ಚಿತ್ರಕಾರರಿಗೊಂದು ಎಂದು ಬೇರೆ ಬೇರೆ ಕೊಟ್ಟದ್ದು ಇದಕ್ಕೇ ನನಗೆ ಮೆಚ್ಚು. 2018ರಲ್ಲಿ ಕನ್ನಡದ ಸರದಿ ಬಂದಾಗ ಲೇಖಕರ ಪ್ರಶಸ್ತಿ ನಾಗೇಶ ಹೆಗಡೆ ಅವರಿಗೆ ಬಂತು. ಅದೇ ಪರಾಗ್ ಪ್ರಕಟಿಸುವ 'ಆನರ್ ಲಿಸ್ಟ್' ಚೆನ್ನಾಗಿದೆ, ಆದರೆ ಅದು ಇಂಗ್ಲಿಷ್ ಮತ್ತು ಹಿಂದಿ ಪುಸ್ತಕಗಳದ್ದು. ಕನ್ನಡದ ಪುಸ್ತಕ ಅದರಲ್ಲಿಲ್ಲ ಎಂದರೆ ಕನ್ನಡದಲ್ಲಿ ಒಳ್ಳೆಯದಿಲ್ಲ ಎಂದಲ್ಲ, ಅಲ್ಲಿ ಯಾರೂ ಕನ್ನಡ ಓದಿಲ್ಲ ಎಂದಷ್ಟೇ.

ಮಕ್ಕಳನ್ನೇ ಕೇಳಿದರೆ? ಜರ್ಮನಿಯ ಯುವಜನ ಸಾಹಿತ್ಯ ಪ್ರಶಸ್ತಿಯಲ್ಲಿ 2003ರಿಂದ ಹದಿಹರೆಯದವರದೇ ಒಂದು ತೀರ್ಪುಗಾರರ ಮಂಡಳಿ ಇದೆ; ದೊಡ್ಡವರು ಕೊಡುವುದು ಕೊಡಲಿ, ಇವರು ತಮ್ಮ ಪ್ರಶಸ್ತಿಯನ್ನು ತಾವೇ ಕೊಡುತ್ತಾರೆ. ನಮ್ಮಲ್ಲೂ ಶಾಲೆಯೊಂದು ಇದನ್ನು ಖರ್ಚಿಲ್ಲದೆ ಮಾಡಬಹುದು. ಗ್ರಂಥಾಲಯದ ಪುಸ್ತಕದ ಹಿಂದೆ ಒಂದು ಹಾಳೆ ಅಂಟಿಸಿ, ಓದಿದ ಮಗು ಒಂದು ಗೆರೆ ಎಳೆಯಲಿ. ವರ್ಷದ ಕೊನೆಗೆ ಗೆರೆ ಎಣಿಸಿದರೆ ಆ ಶಾಲೆಯ ಪಟ್ಟಿ ಸಿದ್ಧ.

ಅಂಗಡಿಯಲ್ಲಿ ನಾನು ಏನು ಮಾಡುತ್ತೇನೆ ಎಂದು ಕೇಳುವವರಿಗೆ ಒಂದು ಮಾತು. ಪಟ್ಟಿಯ ಪುಸ್ತಕವನ್ನು ಕೈಗೆತ್ತಿಕೊಂಡು ಮುನ್ನುಡಿ ಬಿಟ್ಟು ನಡುವಿನ ಪುಟ ತೆರೆಯುತ್ತೇನೆ. ಮುನ್ನುಡಿ ದೊಡ್ಡವರು ದೊಡ್ಡವರಿಗೆ ಬರೆದದ್ದು. ಪುಟ ಗಾಳಿಯಾಡುವ ಹಾಗಿದೆಯೇ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತಿದೆಯೇ ಎಂದು ನೋಡುತ್ತೇನೆ. ಕನ್ನಡದ ಅಕ್ಷರ ಮೇಲಕ್ಕೂ ಕೆಳಕ್ಕೂ ಕೈಕಾಲು ಚಾಚುವ ಅಕ್ಷರ. ಇಂಗ್ಲಿಷಿನಷ್ಟೇ ಜಾಗ ಕೊಟ್ಟರೆ ಈಗಷ್ಟೇ ಓದಲು ಕಲಿತ ಮಗು ಸಾಲು ತಪ್ಪಿಸಿಕೊಳ್ಳುತ್ತದೆ. ಆಮೇಲೆ ಒಂದು ಸಂಭಾಷಣೆಯನ್ನು ಮೆಲ್ಲಗೆ ಬಾಯಿಬಿಟ್ಟು ಓದುತ್ತೇನೆ. 'ತಾಯಿಯೇ, ನಾನು ಶಾಲೆಗೆ ತೆರಳುತ್ತಿದ್ದೇನೆ' ಎನ್ನುವ ಹುಡುಗ ಅದರಲ್ಲಿದ್ದರೆ, ಎಂಥ ಬಿಲ್ಲೆಯಿದ್ದರೂ ಪುಸ್ತಕ ಕಪಾಟಿಗೆ ವಾಪಸು. 'ಅಮ್ಮಾ, ಬರ್ತೀನಿ' ಎಂದು ಓಡುವವನಿದ್ದರೆ ಕೊನೆಯ ಪುಟಕ್ಕೆ ಹೋಗುತ್ತೇನೆ. ಅಲ್ಲಿ ನೀತಿಪಾಠ ಕಾದು ಕುಳಿತಿಲ್ಲದಿದ್ದರೆ ಕೊಳ್ಳುತ್ತೇನೆ. ಇಷ್ಟಕ್ಕೆ ಐದು ನಿಮಿಷ ಸಾಕು.

ನವೆಂಬರ್ 14 ಬಂದರೆ ಪತ್ರಿಕೆಗಳಲ್ಲಿ ಮತ್ತೆ ಪಟ್ಟಿಗಳು ಬರುತ್ತವೆ. ಕತ್ತರಿಸಿ ಇಟ್ಟುಕೊಳ್ಳಿ, ತಪ್ಪಿಲ್ಲ. ಕೊಟ್ಟವರು ಯಾರು, ಯಾವ ವಯಸ್ಸಿಗೆ, ಏನನ್ನು ಅಳೆದು ಕೊಟ್ಟರು ಎಂಬುದನ್ನು ಪಕ್ಕದಲ್ಲೇ ಬರೆದುಕೊಳ್ಳಿ. ಪಟ್ಟಿಯಿಂದ ಮೂರು ಕೊಂಡರೆ, ಮಗು ತಾನೇ ಆರಿಸಿದ್ದು ಒಂದು ಜೊತೆಗಿರಲಿ. ಆ ಒಂದರ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಬೇಡಿ. ಕಪ್ಪೆಯ ಪುಸ್ತಕವೇ ಆದರೂ ಬಿಲ್ ಮಾಡಿಸಿ.