ಚಾಕಲೇಟ್ ಬೀಡಾದಲ್ಲಿ ಕೋಕೋ ಎಲ್ಲಿದೆ?

ಚನ್ನಗಿರಿಯಿರಲಿ, ಹೊನ್ನಾಳಿಯಿರಲಿ, ಮದುವೆ ಊಟ ಮುಗಿಸಿ ಕೈ ತೊಳೆದು ಬಂದವರಿಗೆ ಈಗ ಎಲೆ ಅಡಿಕೆ ತಟ್ಟೆಯ ಪಕ್ಕದಲ್ಲಿ ಬೀಡಾ ಕೌಂಟರೂ ಕಾಣುತ್ತದೆ. ಸಾದಾ ಬೀಡಾ, ಸ್ವೀಟ್ ಬೀಡಾಗಳ ಸಾಲಿಗೆ ಚಾಕಲೇಟ್ ಬೀಡಾ ಸೇರಿಕೊಂಡಿದೆ. ಕಟ್ಟುವ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಎಲೆಗೆ ಗುಲ್ಕನ್ ಸವರಿ, ಸಕ್ಕರೆ ಲೇಪಿಸಿದ ಸೋಂಪು, ಒಣಕೊಬ್ಬರಿ ತುರಿ, ಟೂಟಿ ಫ್ರೂಟಿ, ಸಣ್ಣಗೆ ಕತ್ತರಿಸಿದ ಅಡಿಕೆ ಹಾಕಿ ಮಡಚಿ, ಕರಗಿಸಿದ ಚಾಕಲೇಟಿನಲ್ಲಿ ಅದ್ದಿ ತಣ್ಣಗಿಡುತ್ತಾರೆ. ಅಷ್ಟು ಪುರಸೊತ್ತಿಲ್ಲದ ಕಡೆ ಮೇಲಿನಿಂದ ಚಾಕಲೇಟ್ ಸಿರಪ್ ಸುರಿಯುತ್ತಾರೆ. ಇದು ಮಕ್ಕಳ ಚಪಲವೆಂದು ತಳ್ಳಿಹಾಕುವವರಿದ್ದಾರೆ, ತಾಂಬೂಲ ಕೆಟ್ಟಿತು ಎಂದು ಗೊಣಗುವವರೂ ಇದ್ದಾರೆ. ನನಗೆ ಎರಡೂ ಅವಸರದ ತೀರ್ಪೆನಿಸುತ್ತದೆ. ಎಲೆ, ಅಡಿಕೆ, ಕೋಕೋ ಒಂದೇ ಬಾಯಲ್ಲಿ ಕೂಡುವ ಯೋಚನೆಯಲ್ಲಿ ತಪ್ಪೇನಿಲ್ಲ. ಕಟ್ಟುವ ರೀತಿಯಲ್ಲಿ ತಪ್ಪಿದೆ. ಈಗಿನ ಚಾಕಲೇಟ್ ಬೀಡಾದಲ್ಲಿ ಚಾಕಲೇಟಿನ ಕೆಲಸ ಅಡಿಕೆಯನ್ನು ಮರೆಮಾಡುವುದಷ್ಟೇ. ಅಡಿಕೆಯ ಜಾಗದಲ್ಲಿ ಕೋಕೋವನ್ನೇ ಕೂರಿಸಿದರೆ ಮಾತ್ರ ಆ ಹೆಸರಿಗೆ ಅರ್ಥ ಬರುತ್ತದೆ ಎಂಬುದು ನನ್ನ ವಾದ.

ಮೊದಲು ಚಾಕಲೇಟಿನ ರುಚಿ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಹಸಿ ಕೋಕೋ ಬೀಜಕ್ಕೆ ಚಾಕಲೇಟಿನ ಪರಿಮಳವೇ ಇಲ್ಲ. ಕಡಿದರೆ ಬರೀ ಕಹಿ ಮತ್ತು ಒಗರು. ಕಾಯಿ ಒಡೆದಾಗ ಬೀಜದ ಸುತ್ತ ಬಿಳಿಯ ಸಿಹಿ ಲೋಳೆ ಇರುತ್ತದೆ. ಬೀಜಗಳನ್ನು ಲೋಳೆಯ ಸಮೇತ ರಾಶಿ ಹಾಕಿ ಮುಚ್ಚಿಟ್ಟರೆ ಐದಾರು ದಿನ ಹುಳಿಯುತ್ತದೆ. ಲೋಳೆಯ ಸಕ್ಕರೆ ಮೊದಲು ಮದ್ಯವಾಗಿ, ಆಮೇಲೆ ಹುಳಿಯಾಗಿ, ರಾಶಿಯೊಳಗಿನ ಬಿಸಿ 45 ಡಿಗ್ರಿ ದಾಟುತ್ತದೆ. ಆ ಕಾವಿಗೂ ಹುಳಿಗೂ ಬೀಜದ ಜೀವ ಹೋಗಿ, ಒಳಗಿನ ಪ್ರೋಟೀನು, ಸಕ್ಕರೆಗಳು ಒಡೆಯುತ್ತವೆ, ಒಗರು ತಗ್ಗಿ ಕಂದು ಬಣ್ಣ ಏರುತ್ತದೆ. ಒಣಗಿಸಿದ ಬೀಜವನ್ನು ಹುರಿದಾಗ ಆ ಒಡೆದ ಚೂರುಗಳೆಲ್ಲ ಕೂಡಿ ನೂರಾರು ಪರಿಮಳಗಳಾಗುತ್ತವೆ: ಹುರಿದ ಕಡಲೆಯಂಥದ್ದು, ಮಾಲ್ಟಿನಂಥದ್ದು, ಜೇನಿನಂಥದ್ದು, ಸ್ವಲ್ಪ ಹುಳಿಹಣ್ಣಿನಂಥದ್ದು. ಇದರ ಜೊತೆಗೆ ಬೀಜದ ಅರ್ಧಕ್ಕಿಂತ ಹೆಚ್ಚು ಭಾಗ ಕೋಕೋ ಬೆಣ್ಣೆ. ಅದು ಮೈ ಬಿಸಿಗಿಂತ ತುಸು ಕೆಳಗೆ, 34 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ ನಾಲಗೆ ಮೇಲೆ ಇಟ್ಟ ಕೂಡಲೇ ಹರಡಿ, ಪರಿಮಳವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಕಹಿ, ಒಗರು, ಹುಳಿ, ಹುರಿದ ವಾಸನೆ, ಜಿಡ್ಡು ಇವು ಐದೂ ಸೇರಿದರೆ ಚಾಕಲೇಟ್. ಸಕ್ಕರೆ, ವೆನಿಲ್ಲಾಗಳು ಆಮೇಲೆ ಬಂದ ಜೊತೆಗಾರರು.

ಪರಿಮಳ ಬೆರೆಸುವವರಿಗೆ ಚಾಕಲೇಟ್ ಕಗ್ಗಂಟಾಗುವುದು ಇದೇ ಕಾರಣಕ್ಕೆ. ಮಾವು, ಪುದೀನ, ಸ್ಟ್ರಾಬೆರಿಗಳನ್ನು ಕೆಲವೇ ರಾಸಾಯನಿಕಗಳಿಂದ ನಂಬುವಂತೆ ಕಟ್ಟಬಹುದು, ಚಾಕಲೇಟನ್ನು ಹಾಗೆ ಕಟ್ಟಲಾಗದು. ಇ-ಸಿಗರೇಟಿನ ದ್ರವವನ್ನು ಮನೆಯಲ್ಲೇ ಬೆರೆಸುವ ಹವ್ಯಾಸ ಬೆಳೆದ ದೇಶಗಳಲ್ಲಿ ಈ ತೊಡಕು ಇನ್ನೂ ನಿಚ್ಚಳವಾಗಿ ಕಂಡಿದೆ. ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಬೆರೆತ ಆ ದ್ರವದಲ್ಲಿ ಕೋಕೋ ಬೆಣ್ಣೆಗೆ ಜಾಗವಿಲ್ಲ, ಆವಿಗೆ ಕೋಕೋವಿನ ಕಹಿಯನ್ನೂ ಒಗರನ್ನೂ ಹೊರುವ ಶಕ್ತಿಯಿಲ್ಲ. ಹುರಿದ ವಾಸನೆ ಕೊಡುವ ಪೈರಜಿನ್‌ಗಳನ್ನು ತುಸು ಹೆಚ್ಚು ಹಾಕಿದರೆ ಮಣ್ಣಿನ ವಾಸನೆ, ಕಡಿಮೆ ಹಾಕಿದರೆ ಬರೀ ಸಿಹಿ. ಜಿಡ್ಡಿನ ಕೊರತೆ ತುಂಬಲು ಬೆಣ್ಣೆಯ ಪರಿಮಳದ ಡೈಅಸಿಟೈಲ್ ಬೆರೆಸಿದವರು ಬೇರೊಂದು ಅಪಾಯವನ್ನು ಎಳೆದುಕೊಂಡರು. ಅಮೆರಿಕದ ಮಿಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯೊಂದರ ಕೆಲಸಗಾರರ ಶ್ವಾಸಕೋಶವನ್ನು ಕೆಡಿಸಿದ ಬೆಣ್ಣೆ ಪರಿಮಳದಲ್ಲಿ ಇದ್ದದ್ದು ಅದೇ ವಸ್ತು. ತಿನ್ನಲು ತಕರಾರಿಲ್ಲದ್ದು ಉಸಿರಿಗೆ ಎಳೆದುಕೊಳ್ಳಲೂ ಸರಿ ಎಂಬ ಎಣಿಕೆ ಅಲ್ಲಿ ತಲೆಕೆಳಗಾಯಿತು. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು, 2019ರಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ಕಾಯ್ದೆ ಬಂತು. ಹಾಗಾಗಿ ಆ ಹವ್ಯಾಸ ನಮ್ಮಲ್ಲಿ ಚರ್ಚೆಗೇ ಬರಬೇಕಿಲ್ಲ. ಆದರೆ ಅದರಿಂದ ಸಿಗುವ ತಿಳಿವಳಿಕೆ ಬೀಡಾಕ್ಕೂ ಬೇಕು. ಚಾಕಲೇಟಿನ ಐದು ಗುಣಗಳಲ್ಲಿ ನಾಲ್ಕನ್ನು ಬಿಟ್ಟು ಹೆಸರೊಂದನ್ನೇ ಉಳಿಸಿಕೊಂಡಾಗ ಆ ಖಾಲಿ ಜಾಗವನ್ನು ಸಿಹಿ ತುಂಬುತ್ತದೆ, ಆ ಸಿಹಿ ತನ್ನ ಅಡಿಯಲ್ಲಿರುವ ಇನ್ನೊಂದು ವಸ್ತುವಿಗೆ ದಾರಿ ಮಾಡಿಕೊಡುತ್ತದೆ.

ಇನ್ನು ಅಡಿಕೆಯ ಕಡೆಗೆ. ಕರಾವಳಿಯ ಚಾಲಿಗೂ ಚನ್ನಗಿರಿ ಸೀಮೆಯ ಕೆಂಪಡಿಕೆಗೂ ಇರುವ ವ್ಯತ್ಯಾಸ ಬಣ್ಣದ್ದಷ್ಟೇ ಅಲ್ಲ. ಚಾಲಿಗೆ ಹಣ್ಣಾದ ಕಾಯನ್ನು ಸಿಪ್ಪೆ ಸಮೇತ ವಾರಗಟ್ಟಲೆ ಬಿಸಿಲಿಗೆ ಹಾಕುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಕಾಯಿ ಹಸಿರಿರುವಾಗಲೇ ಗೊನೆ ಇಳಿಸಿ, ಸುಲಿದು, ಹಂಡೆಯಲ್ಲಿ ಬೇಯಿಸುತ್ತಾರೆ. ಬೇಯಿಸಿದ ನೀರು ಚೆಲ್ಲುವಂಥದ್ದಲ್ಲ. ಒಂದರ ಮೇಲೊಂದು ಹಂಡೆ ಅಡಿಕೆ ಬೆಂದು ಇಳಿದಂತೆ ಆ ನೀರು ಗಟ್ಟಿಯಾಗಿ, ಕೈಗೆ ಅಂಟುವ ಕಡುಗೆಂಪು ಚೊಗರಾಗುತ್ತದೆ. ಮುಂದಿನ ಅಡಿಕೆಗೆ ಬಣ್ಣ, ಹೊಳಪು, ನಾಲಗೆಯನ್ನು ಹಿಡಿದೆಳೆಯುವ ಒಗರು ಎಲ್ಲವೂ ಅದರಿಂದಲೇ. ಎಷ್ಟು ಬೇಯಬೇಕು, ಚೊಗರು ಎಷ್ಟು ಗಟ್ಟಿಯಿರಬೇಕು, ಕಣದಲ್ಲಿ ಎಷ್ಟು ಬಿಸಿಲು ಕಾಣಬೇಕು ಎಂಬುದರಲ್ಲಿ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರ ಮತ್ತು ಬೇಯಿಸುವ ಕೆಲಸಗಾರರ ಕಣ್ಣು ಪಳಗಿದೆ. ಚನ್ನಗಿರಿಯ ತುಮ್ಕೋಸ್‌ನಂಥ ಸಹಕಾರ ಸಂಘದ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ದರ ಬೇರೆಯಾಗುವುದೂ ಇಂಥ ಕೈಚಳಕದ ಲೆಕ್ಕದಲ್ಲೇ. ಕೋಕೋ ಹುಳಿಸಿ ಹುರಿಯುವುದೂ ಅಡಿಕೆ ಬೇಯಿಸಿ ಒಣಗಿಸುವುದೂ ಒಂದೇ ಜಾತಿಯ ವಿದ್ಯೆ. ಎರಡರಲ್ಲೂ ಹಸಿ ಬೀಜದ ಒರಟು ಒಗರನ್ನು ಪಳಗಿಸಿ ನಾಲಗೆಗೆ ಹಿತವಾಗುವಂತೆ ಮಾಡುತ್ತಾರೆ.

ಈ ಎರಡನ್ನೂ ಚಾಕಲೇಟ್ ಬೀಡಾ ಹೇಗೆ ಕೂಡಿಸುತ್ತದೆ? ಅದ್ದಲು ಬಳಸುವುದು ಬಹುಪಾಲು ಕಾಂಪೌಂಡ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ತಾಳೆಯಂಥ ಸಸ್ಯಗಳ ಕೊಬ್ಬು, ಒಂದಿಷ್ಟು ಕೋಕೋ ಪುಡಿ, ಹೆಚ್ಚಿನ ಪಾಲು ಸಕ್ಕರೆ, ಜೊತೆಗೆ ವೆನಿಲಿನ್ ಇರುತ್ತದೆ. ಅದು ಅಗ್ಗ, ಹದ ಹಿಡಿಯುವ ಕಷ್ಟವಿಲ್ಲ, ಬಿಸಿಲಿಗೆ ಬೇಗ ಸೋಲುವುದಿಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ವ್ಯಾಪಾರಿ ಅದನ್ನು ಆರಿಸಿಕೊಳ್ಳುವುದು ಸಹಜ. ಬೀಡಾ ಬಾಯಿಗಿಟ್ಟಾಗ ಮೊದಲು ತಣ್ಣನೆಯ ಸಿಹಿ ಲೇಪ ಮುರಿಯುತ್ತದೆ, ಅದರ ಹಿಂದೆಯೇ ಗುಲ್ಕನ್ನಿನ ಗುಲಾಬಿ, ಸೋಂಪು. ಎಲೆಯ ಖಾರ ಏಳುವ ಹೊತ್ತಿಗೆ ಚಾಕಲೇಟ್ ಕರಗಿ ಹೋಗಿರುತ್ತದೆ. ಕೊನೆಗೆ ದವಡೆಯಲ್ಲಿ ಉಳಿಯುವುದು ಅಡಿಕೆಯ ಚೂರು. ಅಂದರೆ ಎರಡೂ ಒಮ್ಮೆಯೂ ಎದುರುಬದುರಾಗುವುದಿಲ್ಲ. ಚಾಕಲೇಟ್ ಬಾಗಿಲು ತೆರೆದು ಹೋಗಿಬಿಡುತ್ತದೆ, ಒಳಗೆ ಬಂದು ಕೂರುವುದು ಅಡಿಕೆ. ಕೂಡಿದರೂ ಸುಖವಿಲ್ಲ, ಏಕೆಂದರೆ ಒಳ್ಳೆಯ ಕೋಕೋವಿನ ಒಗರಿನ ಮೇಲೆ ಚೊಗರಿನ ಒಗರು ಬಿದ್ದರೆ ನಾಲಗೆ ಒಣಗುತ್ತದೆ. ಹಾಗಾಗದಂತೆ ಕಟ್ಟುವವರು ಸಿಹಿ ಹೆಚ್ಚಿಸುತ್ತಾರೆ, ಆ ಸಿಹಿಯಲ್ಲಿ ಕೋಕೋವೂ ಅಡಿಕೆಯೂ ಮುಳುಗಿ ಹೋಗುತ್ತವೆ. ಇಷ್ಟು ಶ್ರಮದಿಂದ ಬೇಯಿಸಿ ಒಣಗಿಸಿದ ಅಡಿಕೆಯ ರುಚಿ ಯಾರಿಗೂ ಗೊತ್ತಾಗದಂತೆ ಬಳಸುವುದು ಬೆಳೆದವರಿಗೂ ಬೇಯಿಸಿದವರಿಗೂ ಗೌರವವಲ್ಲ.

ರುಚಿಯ ತಕರಾರಿಗಿಂತ ದೊಡ್ಡದು ಆರೋಗ್ಯದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬಾಯಿಯ ಒಳಪದರ ಬಿಗಿಯುತ್ತಾ ಬಂದು ಬಾಯಿ ತೆರೆಯಲೇ ಆಗದಂತೆ ಮಾಡುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೂ ಅಡಿಕೆ ಜಗಿಯುವ ಅಭ್ಯಾಸಕ್ಕೂ ಇರುವ ನಂಟು ಖಚಿತವಾಗಿದೆ. ಅಡಿಕೆ ನೆಚ್ಚಿ ಬದುಕುವ ತಾಲ್ಲೂಕುಗಳಲ್ಲಿ ಈ ಮಾತು ಕಹಿ, ಆದರೂ ಆಡಲೇಬೇಕು. ತಾಂಬೂಲದ ಅಡಿಕೆ ಮೊದಲ ಸಲ ಜಗಿದವರ ನಾಲಗೆಯನ್ನು ಒಗರಿನಿಂದಲೇ ತಡೆಯುತ್ತಿತ್ತು. ತಲೆ ಸುತ್ತಿ ಮಕ್ಕಳು ಉಗುಳಿಬಿಡುತ್ತಿದ್ದರು. ಚಾಕಲೇಟ್ ಲೇಪ ತೆಗೆದುಹಾಕುವುದು ಆ ತಡೆಯನ್ನೇ. ರಾಜ್ಯದಲ್ಲಿ ಗುಟ್ಕಾ 2013ರ ಮೇ ತಿಂಗಳಿಂದ ನಿಷೇಧದಲ್ಲಿದ್ದರೂ ಪರಿಮಳ ಹಾಕಿದ ಪಾನ್ ಮಸಾಲಾ ಪೊಟ್ಟಣಗಳ ವಹಿವಾಟು ನಿಂತಿಲ್ಲ. ಚಾಕಲೇಟ್ ಬೀಡಾವನ್ನು ಆ ಪೊಟ್ಟಣಗಳ ಸಮಕ್ಕೆ ಇಡುವುದು ಅನ್ಯಾಯವಾದೀತು. ಎಂದೋ ಒಂದು ದಿನ ತಿನ್ನುವ ಒಂದು ಬೀಡಾಕ್ಕೂ ದಿನವಿಡೀ ಬಾಯಲ್ಲಿರುವ ಪೊಟ್ಟಣಕ್ಕೂ ಬಹಳ ಅಂತರವಿದೆ. ಆದರೆ ಎರಡರಲ್ಲೂ ಪರಿಮಳಕ್ಕೆ ವಹಿಸಿದ ಕೆಲಸ ಒಂದೇ, ಅಂಜಿಕೆಯಿಲ್ಲದೆ ಅಡಿಕೆಯನ್ನು ನುಂಗಿಸುವುದು.

ಇದಕ್ಕೆ ಮೊದಲ ಆಕ್ಷೇಪ ನನಗೆ ಕೇಳಿಸುತ್ತಿದೆ: ಜನಕ್ಕೆ ಇಷ್ಟವಾಗಿದೆ, ಇನ್ನೇನು ಬೇಕು? ಇಷ್ಟವಾಗಿರುವುದು ನಿಜ. ಆದರೆ ಇಷ್ಟವಾಗಿರುವುದು ಯಾವುದು ಎಂದು ಕೇಳಬೇಕು. ಅಡಿಕೆ ಹಾಕದ ಸ್ವೀಟ್ ಬೀಡಾವನ್ನು ಕೇಳಿ ಕಟ್ಟಿಸಿಕೊಳ್ಳುವವರು ಈಗಾಗಲೇ ಬೇಕಾದಷ್ಟು ಜನರಿದ್ದಾರೆ, ಅವರಿಗೆ ರುಚಿಯಲ್ಲಿ ಕೊರತೆಯಾಗಿಲ್ಲ. ಚಾಕಲೇಟ್ ಬೀಡಾ ಇಷ್ಟಪಡುವವರು ಇಷ್ಟಪಡುವುದು ತಂಪು, ಸಿಹಿ ಮತ್ತು ಎಲೆಯ ಘಮ. ಅಡಿಕೆ ಅಲ್ಲಿ ರೂಢಿಯಿಂದ ಉಳಿದುಕೊಂಡಿದೆ. ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ತಾಂಬೂಲ ಎಂದರೆ ಎಲೆ ಅಡಿಕೆ, ಅಡಿಕೆ ತೆಗೆದರೆ ಅದು ತಾಂಬೂಲವೇ ಅಲ್ಲ ಎನ್ನುತ್ತಾರೆ. ವೀಳ್ಯ ಕೊಡುವಾಗ, ನಿಶ್ಚಿತಾರ್ಥದಲ್ಲಿ, ಬಾಗಿನದಲ್ಲಿ ಅಡಿಕೆಗೆ ಇರುವ ಸ್ಥಾನವನ್ನು ನಾನು ಪ್ರಶ್ನಿಸುತ್ತಿಲ್ಲ. ಅಲ್ಲಿ ಅಡಿಕೆ ಮಾತು ಕೊಟ್ಟದ್ದಕ್ಕೆ ಗುರುತು, ಅದನ್ನು ಜಗಿಯಲೇಬೇಕೆಂದಿಲ್ಲ. ಟೂಟಿ ಫ್ರೂಟಿ ಸೇರಿಸುವಾಗ ಅಡ್ಡಬಾರದ ಸಂಪ್ರದಾಯ ಅಡಿಕೆ ತೆಗೆಯುವಾಗ ಮಾತ್ರ ಅಡ್ಡಬರುವುದಕ್ಕೆ ಕಾರಣ ಕಾಣುವುದಿಲ್ಲ.

ಹಾಗಾದರೆ ಒಳ್ಳೆಯ ಚಾಕಲೇಟ್ ಬೀಡಾ ಹೇಗಿರಬೇಕು? ಹುರಿದು ಸಿಪ್ಪೆ ತೆಗೆದು ಒಡೆದ ಕೋಕೋ ಬೀಜದ ಚೂರನ್ನು ಅಡಿಕೆಯ ಜಾಗದಲ್ಲಿ ಹಾಕಿ ನೋಡಬೇಕು. ಬೀಡಾದಲ್ಲಿ ಅಡಿಕೆಗಿರುವ ಕೆಲಸಗಳನ್ನು ಒಂದೊಂದಾಗಿ ಎಣಿಸಿದರೆ ಆ ಚೂರು ಅವನ್ನೆಲ್ಲ ನಿಭಾಯಿಸುತ್ತದೆ. ಹಲ್ಲಿಗೆ ಕರುಮ್ ಎನ್ನುತ್ತದೆ, ಆದರೆ ಅಡಿಕೆಯಷ್ಟು ಗಟ್ಟಿಯಲ್ಲ. ಗುಲ್ಕನ್ನಿನ ಸಿಹಿಗೆ ಎದುರು ನಿಲ್ಲುವ ಕಹಿಯೂ ಒಗರೂ ಅದರಲ್ಲಿವೆ. ಥಿಯೋಬ್ರೊಮಿನ್ ಇರುವುದರಿಂದ ಊಟದ ನಂತರ ಬೇಕೆನಿಸುವ ಸಣ್ಣ ಚೇತನವೂ ಸಿಗುತ್ತದೆ. ಮುಖ್ಯವಾಗಿ, ಚಾಕಲೇಟ್ ಮೊದಲ ಕಚ್ಚಿಗೇ ಮುಗಿದು ಹೋಗದೆ, ಜಗಿದಂತೆ ಬೆಣ್ಣೆ ಬಿಡುತ್ತಾ ಕೊನೆಯವರೆಗೆ ಇರುತ್ತದೆ. ಎಲೆಯೂ ಇದಕ್ಕೆ ಒಗ್ಗುತ್ತದೆ. ವೀಳ್ಯದೆಲೆಯ ಲವಂಗದಂಥ ಘಮದಲ್ಲಿ ಯೂಜಿನಾಲ್‌ನ ಪಾಲಿದೆ. ಒಂದು ಕಾಲದಲ್ಲಿ ಕೃತಕ ವೆನಿಲಿನ್ ತಯಾರಿಸುತ್ತಿದ್ದುದು ಲವಂಗದೆಣ್ಣೆಯ ಅದೇ ಯೂಜಿನಾಲ್‌ನಿಂದ. ಸುಣ್ಣದ ವಿಷಯ ಇನ್ನೂ ಕುತೂಹಲದ್ದು: ಕೋಕೋಗೆ ಕ್ಷಾರ ಬೆರೆಸಿ ಹುಳಿ ತಗ್ಗಿಸಿ ಬಣ್ಣ ಏರಿಸುವ ಕ್ರಮ ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಇದೆ. ಎಲೆಗೆ ಸವರುವ ಸುಣ್ಣವೂ ಕ್ಷಾರವೇ. ಆದರೆ ಇಲ್ಲಿ ಸುಣ್ಣ ಹೆಚ್ಚಾದರೆ ಬಾಯಿ ಸುಡುತ್ತದೆ, ಕೋಕೋವಿನ ಹಣ್ಣಿನ ಹುಳಿಯೂ ಸತ್ತುಹೋಗುತ್ತದೆ. ಹಾಗಾಗಿ ಇಲ್ಲದಿದ್ದರೂ ನಡೆದೀತು ಎಂಬುದು ನನ್ನ ಅಭಿಪ್ರಾಯ. ಗುಲ್ಕನ್ ಅರ್ಧಕ್ಕಿಳಿಸಿ, ಟೂಟಿ ಫ್ರೂಟಿ ಪೂರ್ತಿ ಬಿಟ್ಟು, ಒಣಕೊಬ್ಬರಿಯನ್ನೂ ಒಂದು ಏಲಕ್ಕಿಯನ್ನೂ ಉಳಿಸಿಕೊಂಡರೆ ಸಾಕು. ಹೊರಗಿನ ಲೇಪ ಬೇಕೇ ಇಲ್ಲ.

ಮೂರನೆಯ ಆಕ್ಷೇಪ ರೈತರದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಅಡಿಕೆಗೆ ಬದಲಿ ಹುಡುಕುವ ಮಾತು ಚನ್ನಗಿರಿಯಲ್ಲಿ ಹೊಟ್ಟೆಯ ಮೇಲೆ ಹೊಡೆದಂತೆ ಕೇಳಿಸುತ್ತದೆ. ಆದರೆ ಕೋಕೋ ಅಡಿಕೆ ತೋಟದ ನೆರಳಲ್ಲೇ ಬೆಳೆಯುವ ಗಿಡ. ವಿಟ್ಲದ ಸಂಶೋಧನಾ ಕೇಂದ್ರ ಅದನ್ನು ಅಡಿಕೆಯ ನಡುವಿನ ಬೆಳೆಯಾಗಿ ಪರೀಕ್ಷಿಸಿ ಶಿಫಾರಸು ಮಾಡಿದೆ, ದಕ್ಷಿಣ ಕನ್ನಡದಲ್ಲಿ ದಶಕಗಳಿಂದ ಅದು ನಡೆದುಬಂದಿದೆ. ಆ ದಾರಿ ಹೂವಿನದಾಗಿರಲಿಲ್ಲ. ಕೊಳ್ಳುವವರು ಹಿಂದೆಗೆದು ಕೋಕೋ ಬೆಲೆ ನೆಲಕಚ್ಚಿದಾಗ, 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೋ ಕೋಕೋ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ಬೆಳೆಗಾರರ ಸಹಕಾರಿ ಸಂಸ್ಥೆಯೊಂದು ಹೀಗೆ ಕೈ ಹಾಕಿದ್ದರಿಂದ ಆ ಬೆಳೆಗೆ ನೆಲೆ ಸಿಕ್ಕಿತು. 2024ರಲ್ಲಿ ಜಾಗತಿಕ ಮಾರುಕಟ್ಟೆಯಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿ ಮತ್ತೆ ಇಳಿದದ್ದನ್ನು ನೋಡಿದರೆ, ಅದೊಂದನ್ನೇ ನೆಚ್ಚುವುದೂ ಜಾಣತನವಲ್ಲ. ಭದ್ರಾ ನಾಲೆಯ, ತುಂಗಭದ್ರೆಯ ನೀರಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಹಳೆಯ ತೋಟಗಳಲ್ಲಿ ನೆರಳೂ ತೇವವೂ ಇರುವ ಕಡೆ ಅಡಿಕೆ ಸಾಲಿನ ನಡುವೆ ಒಂದಿಷ್ಟು ಕೋಕೋ ಇಡಬಹುದು. ಜಗಳೂರಿನ ಮಾತು ಬೇರೆ. ಮಳೆ ಕಡಿಮೆಯಿರುವ ಆ ತಾಲ್ಲೂಕಿನಲ್ಲಿ ಕೊಳವೆಬಾವಿ ನಂಬಿ ಅಡಿಕೆ ಇಟ್ಟವರೇ ಬೇಸಿಗೆಯಲ್ಲಿ ನೀರಿಗೆ ಪರದಾಡಬೇಕಾಗುತ್ತದೆ. ಅಲ್ಲಿ ಇನ್ನೊಂದು ನೀರಡಿಕೆಯ ಗಿಡವನ್ನು ಹೇರುವುದು ಸಲ್ಲದು, ಶೇಂಗಾ ಮೆಕ್ಕೆಜೋಳಗಳೇ ಆ ನೆಲಕ್ಕೆ ಮೇಲು.

ಕೋಕೋ ಚೂರು ದುಬಾರಿ ಎಂದು ಬೀಡಾ ಕಟ್ಟುವವರು ಹೇಳಿದರೆ ಅದು ಸರಿಯಾದ ಮಾತೇ. ಆದರೆ ಒಂದು ಬೀಡಾಕ್ಕೆ ಬೇಕಾಗುವುದು ಒಂದು ಚಿಟಿಕೆ. ಲೇಪದ ಕಾಂಪೌಂಡ್, ಅರ್ಧ ಗುಲ್ಕನ್, ಟೂಟಿ ಫ್ರೂಟಿ, ಅಡಿಕೆ ಇಷ್ಟನ್ನೂ ಬಿಟ್ಟ ಮೇಲೆ ಉಳಿಯುವ ಹಣದಲ್ಲಿ ಆ ಚಿಟಿಕೆಯ ಹೆಚ್ಚಿನ ಪಾಲು ಹೊಂದುತ್ತದೆ. ಬೇಸಿಗೆಯಲ್ಲಿ ಕರಗುವ ತಾಪತ್ರಯವೂ ಇಲ್ಲ, ಏಕೆಂದರೆ ಬೀಜದ ಚೂರಿನಲ್ಲಿ ಬೆಣ್ಣೆ ಒಳಗೇ ಅಡಗಿರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಟ್ಟರೆ ಮದುವೆಯ ಸೀಜನ್ ಪೂರ್ತಿ ಅದು ಗರಿಗರಿಯಾಗಿ ಉಳಿಯುತ್ತದೆ.