ಪುಡಿಗಾಸಿನ ಸಂಶೋಧನೆ

‘ಎಕ್ಸ್‌ಪೆರಿಮೆಂಟ್ಸ್ ಇನ್ ಅನಿಮಲ್ ಬಿಹೇವಿಯರ್’ ಎಂಬ ಹೆಸರು ನೋಡಿ ಪಠ್ಯಪುಸ್ತಕವೆಂದು ಬದಿಗಿಡುವವರೇ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಲ್ಕು ದಶಕಗಳ ಕಾಲ ಕಣಜಗಳ ಸಂಸಾರವನ್ನು ಅಭ್ಯಾಸ ಮಾಡಿದ ರಾಘವೇಂದ್ರ ಗದಗಕರ್ ಇದನ್ನು ಬರೆದಿದ್ದಾರೆ. ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ 2021ರಲ್ಲಿ ಪ್ರಕಟಿಸಿದೆ. ಪುಡಿಗಾಸಿನ ಖರ್ಚಿನಲ್ಲಿ ಮೊದಲ ದರ್ಜೆಯ ಸಂಶೋಧನೆ ಸಾಧ್ಯ ಎಂಬುದು ಇದರ ವಾದ. ಶೀರ್ಷಿಕೆಯ ಉಳಿದರ್ಧದಲ್ಲೇ ಆ ಮಾತಿದೆ.

ನಾನೂ ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಕಪ್ಪೆ, ಜಿರಲೆಗಳನ್ನು ಮೇಣದ ತಟ್ಟೆಯಲ್ಲಿಟ್ಟು, ಗುಂಡುಸೂಜಿ ಚುಚ್ಚಿ ಕೊಯ್ದೆವು. ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆದು ಸಹಿ ಹಾಕಿಸಿಕೊಂಡೆವು. ಬದುಕಿರುವ ಒಂದು ಪ್ರಾಣಿಯನ್ನು ಹತ್ತು ನಿಮಿಷ ಕುಳಿತು ನೋಡಿರಮ್ಮಾ ಎಂದು ಯಾರೂ ಹೇಳಲಿಲ್ಲ. ಪ್ರಯೋಗಾಲಯದ ಕಿಟಕಿಯಲ್ಲೇ ಕಣಜದ ಗೂಡೊಂದಿತ್ತು. ಅಟೆಂಡರು ಅದನ್ನು ಪೊರಕೆಯಿಂದ ಕೆಡವಿದರು. ಈ ಪುಸ್ತಕ ಓದುವಾಗ ಆ ಪೊರಕೆ ನೆನಪಾಗಿ ಹೊಟ್ಟೆ ಉರಿಯಿತು.

ಹಾಲೆಂಡಿನ ನಿಕೋ ಟಿನ್‌ಬರ್ಗನ್ ಅವರ ಪ್ರಯೋಗವನ್ನೇ ನೋಡಿ. ಮರಳಿನಲ್ಲಿ ಬಿಲ ತೋಡುವ ಕಣಜ ಹೊರಗೆ ಹೋಗಿ ಬಂದು ತನ್ನ ಬಿಲವನ್ನೇ ಹೇಗೆ ಗುರುತಿಸುತ್ತದೆ? ಅವರು ಬಿಲದ ಸುತ್ತ ಪೈನ್ ಮರದ ಕಾಯಿಗಳನ್ನು ಬಳೆಯಂತೆ ಜೋಡಿಸಿದರು. ಕಣಜಕ್ಕೆ ರೂಢಿಯಾದ ಮೇಲೆ, ಅದು ಹೊರಗಿದ್ದಾಗ ಆ ಬಳೆಯನ್ನು ಪಕ್ಕಕ್ಕೆ ಸರಿಸಿದರು. ಮರಳಿ ಬಂದ ಕಣಜ ಬಿಲವನ್ನು ಬಿಟ್ಟು ಕಾಯಿಗಳ ನಡುವೆ ಇಳಿಯಿತು! ಆ ಕಣಜಗಳ ಮೇಲೆ ಲೈಡನ್ ವಿಶ್ವವಿದ್ಯಾಲಯಕ್ಕೆ ಅವರು ಒಪ್ಪಿಸಿದ ಡಾಕ್ಟರೇಟ್ ಪ್ರಬಂಧ ಬರೀ 32 ಪುಟ. 1973ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ನಾನು ಎರಡೆರಡು ಸಲ ಓದಿದ್ದು ಮಾತ್ರ ಗಂಡು ಕಣಜಗಳ ಭಾಗ. ನಮ್ಮ ಸೂರಿನಡಿ ಕಾಗದದಂಥ ಗೂಡು ಕಟ್ಟುವ ರೊಪಾಲಿಡಿಯಾ ಮಾರ್ಜಿನೇಟಾ ಜಾತಿಯಲ್ಲಿ ಆಹಾರ ತರುವುದು, ಗೂಡು ಕಟ್ಟುವುದು, ಮರಿಹುಳುಗಳಿಗೆ ಉಣಿಸುವುದು ಎಲ್ಲ ಹೆಣ್ಣಿನ ಪಾಲು. ಗಂಡು ಕೆಲವು ದಿನ ಗೂಡಿನಲ್ಲಿದ್ದು, ಉಂಡು, ಹೊರಟುಹೋಗುತ್ತದೆ. ಅದಕ್ಕೆ ಕೆಲಸ ಬಾರದೋ, ಅವಕಾಶವೇ ಇಲ್ಲವೋ? ಗದಗಕರ್ ಮತ್ತು ರುಚಿರಾ ಸೇನ್ ಹೆಣ್ಣುಗಳನ್ನು ಗೂಡಿನಿಂದ ತೆಗೆದು, ಗಂಡುಗಳಿಗೆ ತಾವೇ ಆಹಾರ ಕೊಟ್ಟು ನೋಡಿದರು. ಗಂಡುಗಳು ಮರಿಗಳಿಗೆ ಉಣಿಸಿದವು. ಹೆಣ್ಣುಗಳಷ್ಟು ಸಮರ್ಥವಾಗಿ ಅಲ್ಲ, ಆದರೂ ಉಣಿಸಿದವು. ಇದು ಪ್ರಕಟವಾದದ್ದು 2006ರಲ್ಲಿ. ಲೇಖಕರು ತಮಾಷೆಗೆ ‘ಸೋಮಾರಿ’ ಎಂದು ಕರೆದರೂ ಪ್ರಯೋಗವೇ ಆ ಮಾತನ್ನು ಅಲ್ಲಗಳೆಯುತ್ತದೆ. ಹುಳುವಿನ ಕತೆಯನ್ನು ಮನೆಯ ಯಜಮಾನರಿಗೆ ಅನ್ವಯಿಸುವುದು ಶಾಸ್ತ್ರಸಮ್ಮತವಲ್ಲ, ಅನ್ವಯಿಸದೆ ಓದುವುದು ಮಾತ್ರ ಕಷ್ಟ.

ನನ್ನ ತಕರಾರಿರುವುದು ಆ ‘ಪುಡಿಗಾಸಿ’ನ ಬಗ್ಗೆ. ಪ್ರತಿ ಕಣಜಕ್ಕೂ ಬಣ್ಣದ ಚುಕ್ಕೆಯಿಟ್ಟು ಗುರುತು ಮಾಡಬೇಕು. ಕಾಗದ, ಪೆನ್ಸಿಲು ಹಿಡಿದು ದಿನಗಟ್ಟಲೆ ಗೂಡಿನ ಮುಂದೆ ಕೂರಬೇಕು. ಹಣದ ಖರ್ಚಿಲ್ಲ, ನಿಜ. ಹೊತ್ತಿನ ಖರ್ಚು? ಹಾಲು ಉಕ್ಕುವ, ಕುಕ್ಕರ್ ಕೂಗುವ, ನಲ್ಲಿಯಲ್ಲಿ ನೀರು ಬರುವ ಗಡಿಬಿಡಿಯಲ್ಲಿ ತುಂಡಾಗದ ಎರಡು ಗಂಟೆ ನಮ್ಮಲ್ಲಿ ಎಷ್ಟು ಜನಕ್ಕಿದೆ? ಪ್ರಾಣಿಶಾಸ್ತ್ರದಲ್ಲಿ ಫಸ್ಟ್ ಕ್ಲಾಸ್ ಬಂದ ನನ್ನ ಎಷ್ಟೋ ಗೆಳತಿಯರು ಮದುವೆಯ ನಂತರ ಪುಸ್ತಕ ಮುಚ್ಚಿದ್ದು ಮೈಕ್ರೋಸ್ಕೋಪು ಇಲ್ಲವೆಂದಲ್ಲ. ದುಡ್ಡಿಲ್ಲದವರಿಗೆ ಇಷ್ಟು ಪ್ರೀತಿಯಿಂದ ದಾರಿ ಮಾಡಿಕೊಟ್ಟ ಲೇಖಕರು ಬಿಡುವಿಲ್ಲದವರನ್ನು ಅಷ್ಟಾಗಿ ನೆನೆದಂತೆ ಕಾಣುವುದಿಲ್ಲ.

ಹಾಗಾಗಿ ಇದನ್ನು ಮೊದಲು ಕಾಲೇಜಿನ ಹುಡುಗಿಯರ ಕೈಗಿಡಬೇಕು. ಕೊಯ್ಯುವ ಪ್ರಾಕ್ಟಿಕಲ್‌ಗಳನ್ನು ನಿಲ್ಲಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2014ರಲ್ಲಿ ಹೇಳಿತು. ತೆರವಾದ ಆ ಗಂಟೆಗಳಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ತೋಚುತ್ತಿಲ್ಲ. ಇಂಗ್ಲಿಷ್ ತಿಳಿಯಾಗಿದೆ, ಅಕಾಡೆಮಿ ಉಚಿತವಾಗಿಯೇ ಕೊಡುತ್ತದೆ. ಪೈನ್ ಕಾಯಿ ನಮ್ಮ ಊರುಗಳಲ್ಲಿ ಸಿಗದಿದ್ದರೆ ಹೊಂಗೆಯ ಕಾಯಿಗಳನ್ನೇ ಜೋಡಿಸಿ ನೋಡಬಹುದು.