ಆಕ್ಸಿಜನ್ ಸೆನ್ಸರ್ ಪರೀಕ್ಷೆ: ಕೋಡ್ ನಂಬುವ ಪದ್ಧತಿಯ ವಿಮರ್ಶೆ

ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕು ಪಟ್ಟಣಗಳ ಗ್ಯಾರೇಜಿಗೂ ಅಗ್ಗದ ಸ್ಕ್ಯಾನರ್ ಎಟುಕುವಂತಾದ ಮೇಲೆ, ಪೆಟ್ರೋಲ್ ಕಾರಿನ ಇಂಜಿನ್ ದೀಪ ಹೊತ್ತಿದೊಡನೆ ದೋಷದ ಕೋಡ್ ಓದಿ, ಆಕ್ಸಿಜನ್ ಸೆನ್ಸರನ್ನು ಬದಲಿಸಿಬಿಡುವುದು ಸುಲಭದ ದಾರಿಯಾಗಿದೆ. ಉಪಕರಣವೇನೋ ಒಳ್ಳೆಯದೇ, ಅದು ಕೊಟ್ಟ ದೂರನ್ನು ತೀರ್ಪೆಂದು ತಿಳಿಯುವುದೇ ಈ ಪದ್ಧತಿಯ ದೋಷ.

ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಮುಂದೊಂದು, ಹಿಂದೊಂದು ಇರುವ ಈ ಸೆನ್ಸರುಗಳಲ್ಲಿ ಮುಂದಿನದು ಜಿರ್ಕೋನಿಯಾ ಮಾದರಿಯದಾದರೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹೊರಗಿನ ಗಾಳಿಯೊಂದಿಗೆ ಹೋಲಿಸಿ, ಇಂಧನ ಹೆಚ್ಚಿದ್ದಾಗ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಿದ್ದಾಗ ಸುಮಾರು 0.1 ವೋಲ್ಟ್ ತೋರಿಸುತ್ತದೆ. ಇಂಜಿನ್ನಿನ ಕಂಪ್ಯೂಟರಾದ ಇಸಿಯು ಇದನ್ನು ನೋಡಿಯೇ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬ ಪ್ರಮಾಣದ ಆಸುಪಾಸು ಇಂಧನ ಬಿಡುತ್ತದೆ. ಸುಮಾರು 300 ಡಿಗ್ರಿ ಬಿಸಿಯೇರದೆ ಸೆನ್ಸರ್ ಸರಿಯಾಗಿ ಕೆಲಸ ಮಾಡದಾದ್ದರಿಂದ ಅದರೊಳಗೆ ಹೀಟರ್ ಇರುತ್ತದೆ.

ಪಿ0135 ಎಂಬ ಕೋಡ್ ಈ ಹೀಟರಿನ ವಿದ್ಯುತ್ ಮಾರ್ಗವನ್ನು ಕುರಿತದ್ದು; ಫ್ಯೂಸ್ ಸುಟ್ಟಿದ್ದರೂ, ತಂತಿ ಕರಗಿದ್ದರೂ ಅದೇ ಬರುತ್ತದೆ. ಪಿ0171 ಇನ್ನೂ ದಾರಿತಪ್ಪಿಸುವಂಥದ್ದು, ಏಕೆಂದರೆ ಅದು ಮಿಶ್ರಣದಲ್ಲಿ ಗಾಳಿ ಹೆಚ್ಚೆಂದಷ್ಟೇ ಹೇಳುತ್ತದೆ. ಮಳೆಗೆ ಹದಗೆಟ್ಟ ಎರೆಮಣ್ಣಿನ ಸೀಮೆಯ ರಸ್ತೆಗಳಲ್ಲಿ ಕುಲುಕಿ ಸಾಗುವ ಹಳೆಯ ಕಾರಿನಲ್ಲಿ ಹೊಗೆಕೊಳವೆಯಲ್ಲಿ ಸೆನ್ಸರಿಗಿಂತ ಮೊದಲಿನ ಗ್ಯಾಸ್ಕೆಟ್ ಸೋರಿದರೆ, ಹೊಗೆಯ ಒತ್ತಡ ತಗ್ಗುವ ಕ್ಷಣಗಳಲ್ಲಿ ಹೊರಗಾಳಿ ಒಳನುಗ್ಗುತ್ತದೆ. ಸೆನ್ಸರ್ ಕಂಡದ್ದನ್ನೇ ಹೇಳುತ್ತದೆ, ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ, ಮೈಲೇಜ್ ಕುಸಿಯುತ್ತದೆ. ನಿಜ ಹೇಳಿದ ಸಾಕ್ಷಿಗೇ ಶಿಕ್ಷೆಯಾಗುವುದು ಇಲ್ಲಿ.

ಆದ್ದರಿಂದ ಮೊದಲು ಸೋರಿಕೆ, ಫ್ಯೂಸ್, ತಂತಿಗಳನ್ನು ನೋಡಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಮುಂದಿನ ಸೆನ್ಸರಿನ ವೋಲ್ಟೇಜ್ ಚುರುಕಾಗಿ ಏರಿಳಿಯುವುದೇ ಎಂದು ಗಮನಿಸಬೇಕು. ಆಕ್ಸಿಲರೇಟರ್ ಒಮ್ಮೆಲೆ ಒತ್ತಿದಾಗ ಅದು ಏರಿ, ಬಿಟ್ಟಾಗ ಇಳಿದರೆ ಸೆನ್ಸರಿಗೆ ಜೀವವಿದೆ. ಹಿಂದಿನ ಸೆನ್ಸರ್ ಹೆಚ್ಚುಕಡಿಮೆ ಸ್ಥಿರವಾಗಿರುವುದೇ ಸರಿ, ಆದರೂ ಅದನ್ನು ಸತ್ತದ್ದೆಂದು ಕಿತ್ತುಹಾಕುವವರುಂಟು. ಹಲವು ಹೊಸ ಕಾರುಗಳ ವೈಡ್‌ಬ್ಯಾಂಡ್ ಸೆನ್ಸರ್ ವಿದ್ಯುತ್ ಪ್ರವಾಹದ ಮೂಲಕ ಅಳೆಯುವುದರಿಂದ ಅದಕ್ಕೆ ಈ ವೋಲ್ಟೇಜ್ ಲೆಕ್ಕ ಅನ್ವಯಿಸದು.

ಸಂಜೆಯೊಳಗೆ ದೀಪ ಆರಬೇಕೆನ್ನುವ ಗಿರಾಕಿಯ ಅವಸರವೂ ಈ ಪದ್ಧತಿಯನ್ನು ಬೆಳೆಸಿದೆ. ದೋಷವೆಲ್ಲ ಮೆಕ್ಯಾನಿಕ್‌ನದೆನ್ನುವುದು ನ್ಯಾಯವಲ್ಲ. ಸೆನ್ಸರ್ ಬದಲಿಸಲು ಒಪ್ಪುವ ಮುನ್ನ ಲೈವ್ ಡೇಟಾ ತೋರಿಸುವಂತೆ ಕಾರಿನ ಮಾಲೀಕರು ಕೇಳಬೇಕು.